ಪಕ್ಕದ ಸೀಮೆಯ ಕಾಳ್ಗಿಚ್ಚಿಗೆ ತಂಡ ಕಳಿಸುವುದು ಹೇಗೆ: ಒಪ್ಪಂದದಿಂದ ವಾಪಸ್ ಬರುವ ತನಕ

ಬೆಂಕಿಗೆ ಗಡಿ ಗೊತ್ತಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಬೆಂಕಿ ಆರಿಸುವವರಿಗೆ ಗಡಿ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ದಾಟಿದ ಕೂಡಲೇ ವಾಕಿಟಾಕಿ ಚಾನೆಲ್ ಬೇರೆ, ಪೈಪಿನ ಕಪ್ಲಿಂಗ್ ಬೇರೆ, ಆರ್ಡರ್ ಕೊಡುವವರು ಬೇರೆ, ಡೀಸೆಲ್‌ಗೆ ದುಡ್ಡು ಕೊಡುವವರು ಯಾರು ಅಂತಲೂ ಗೊತ್ತಿರುವುದಿಲ್ಲ. ಪರಸ್ಪರ ನೆರವಿನ ಕೆಲಸದಲ್ಲಿ ಮುಕ್ಕಾಲು ಪಾಲು ಇದನ್ನೆಲ್ಲ ಹೊಗೆ ಕಾಣುವ ಮೊದಲೇ ಸರಿಮಾಡಿಕೊಳ್ಳುವುದೇ. ಉಳಿದ ಕಾಲು ಪಾಲಿಗೆ ಧೈರ್ಯ, ದೈಹಿಕ ಶಕ್ತಿ ಎಲ್ಲ ಬೇಕು, ಆದರೆ ಅವು ತಂಡಗಳಲ್ಲಿ ಹೇಗೂ ಇರುತ್ತವೆ.

ಅಗ್ನಿಶಾಮಕ ಠಾಣೆ, ಅರಣ್ಯ ಇಲಾಖೆಯ ಬೆಂಕಿ ತಂಡ, ಸ್ವಯಂಸೇವಕರ ದಳ, ಇವುಗಳಲ್ಲಿ ಯಾವುದನ್ನಾದರೂ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಕಳಿಸುವವರಿಗೂ ಬೇಕು, ಕರೆಸಿಕೊಳ್ಳುವವರಿಗೂ ಬೇಕು. ಈ ವರ್ಷ ಕಳಿಸಿದವರು ಮುಂದಿನ ವರ್ಷ ಕರೆಸಿಕೊಳ್ಳುತ್ತಾರೆ, ಅಲ್ವಾ?

ಹಂತ 1: ಒಪ್ಪಂದ ಬಾಯಿಮಾತಲ್ಲಿ ಬೇಡ

"ಏನಾದ್ರೂ ಆದ್ರೆ ಒಂದು ಫೋನ್ ಮಾಡಿ" ಅನ್ನುವುದು ಸ್ನೇಹ, ಒಪ್ಪಂದ ಅಲ್ಲ. ಕ್ಯಾಲಿಫೋರ್ನಿಯಾ ತನ್ನ ಮೂಲ ಪರಸ್ಪರ ನೆರವಿನ ಒಪ್ಪಂದವನ್ನು 1950ರಲ್ಲೇ ಬರೆದಿಟ್ಟಿತು. ಕೆನಡಾದ ಪ್ರಾಂತ್ಯಗಳು ತಮ್ಮ ತಮ್ಮಲ್ಲಿ ತಂಡ, ಪಂಪು, ವಿಮಾನ ಹಂಚಿಕೊಳ್ಳಲು 1982ರಲ್ಲಿ ವಿನ್ನಿಪೆಗ್‌ನಲ್ಲಿ ಒಂದು ಕೇಂದ್ರ ಮಾಡಿಕೊಂಡವು. ಯುರೋಪ್ ಒಕ್ಕೂಟದ ನಾಗರಿಕ ರಕ್ಷಣಾ ವ್ಯವಸ್ಥೆ 2001ರಿಂದ ಇದೆ, ಅದರ ತುರ್ತು ಕೇಂದ್ರ ಬ್ರಸೆಲ್ಸ್‌ನಲ್ಲಿ ದಿನದ 24 ಗಂಟೆಯೂ ತೆರೆದಿರುತ್ತದೆ. ದೊಡ್ಡವರ ವಿಷಯ ಬಿಡಿ, ಪಕ್ಕಪಕ್ಕದ ಎರಡು ಸಣ್ಣ ಠಾಣೆಗಳ ನಡುವೆ ನಾಲ್ಕು ಪುಟದ ಕಾಗದ ಇದ್ದರೂ ಸಾಕು.

ಆ ನಾಲ್ಕು ಪುಟದಲ್ಲಿ ಇವು ಇರಲೇಬೇಕು: ನೆರವು ಕೇಳುವ ಅಧಿಕಾರ ಯಾರಿಗೆ, ಒಪ್ಪುವ ಅಧಿಕಾರ ಯಾರಿಗೆ (ಹುದ್ದೆ ಬರೆಯಿರಿ, ಹೆಸರು ಬೇಡ, ಮನುಷ್ಯರು ವರ್ಗವಾಗಿ ಹೋಗುತ್ತಾರೆ). ಬಂದ ತಂಡ ಯಾರ ಮಾತು ಕೇಳಬೇಕು. ಗಾಯವಾದರೆ, ಸಾವಾದರೆ ವಿಮೆ ಯಾರದು. ಗಾಡಿ ಸುಟ್ಟುಹೋದರೆ ಯಾರ ತಲೆಗೆ. ನಿಮ್ಮ ಡ್ರೈವರ್‌ನ ಲೈಸೆನ್ಸು, ನಿಮ್ಮ ಪ್ರಥಮ ಚಿಕಿತ್ಸೆಯವರ ಸರ್ಟಿಫಿಕೇಟು ಅಲ್ಲಿ ನಡೆಯುತ್ತದಾ. ಮತ್ತೆ ಬಹಳ ಜನ ಬರೆಯಲು ಸಂಕೋಚಪಡುವ ಒಂದು ಸಾಲು: "ನಮಗೆ ಆಗುವುದಿಲ್ಲ ಎಂದು ಹೇಳುವ ಹಕ್ಕು ಎರಡೂ ಕಡೆಗೆ ಇದೆ." ಈ ಸಾಲು ಇದ್ದರೆ ಆಮೇಲೆ ಮನಸ್ತಾಪ ಆಗುವುದಿಲ್ಲ.

ದುಡ್ಡಿನ ಸಾಲು ಎಲ್ಲಕ್ಕಿಂತ ಸ್ಪಷ್ಟವಾಗಿರಲಿ. ಮೊದಲ ಕೆಲವು ಗಂಟೆ ಪುಕ್ಕಟೆ, ಅದಕ್ಕಿಂತ ಜಾಸ್ತಿಯಾದರೆ ಹೊರಟ ಗಳಿಗೆಯಿಂದಲೇ ಲೆಕ್ಕ ಅನ್ನುವುದು ಒಂದು ಪದ್ಧತಿ. ಸಂಬಳ, ಓವರ್‌ಟೈಮ್, ಡೀಸೆಲ್, ಊಟ, ಟೈರ್ ಯಾವುದು ಯಾರ ಲೆಕ್ಕಕ್ಕೆ ಅಂತ ಬಿಡಿಬಿಡಿಯಾಗಿ ಬರೆಯಿರಿ. 2016ರಲ್ಲಿ ಕೆನಡಾದ ಫೋರ್ಟ್ ಮೆಕ್‌ಮರ್ರಿ ಬೆಂಕಿಗೆ ದಕ್ಷಿಣ ಆಫ್ರಿಕಾದಿಂದ ಸುಮಾರು 300 ಜನ ಹೋಗಿದ್ದರು. ಹಾಡುತ್ತಾ ಕುಣಿಯುತ್ತಾ ವಿಮಾನ ನಿಲ್ದಾಣಕ್ಕೆ ಬಂದವರು ಕೆಲವೇ ದಿನಗಳಲ್ಲಿ ಕೂಲಿ ವಿಷಯಕ್ಕೆ ಕೆಲಸ ನಿಲ್ಲಿಸಿದರು, ಅವಧಿ ಮುಗಿಯುವ ಮೊದಲೇ ವಾಪಸ್ ಹೋಗಬೇಕಾಯಿತು. ಬೆಂಕಿ ಸಾಲಿನಲ್ಲಿ ನಿಲ್ಲುವ ಮನುಷ್ಯನಿಗೆ ತನ್ನ ಕೈಗೆ ದಿನಕ್ಕೆ ಎಷ್ಟು ಬರುತ್ತದೆ ಅನ್ನುವುದು ಹೊರಡುವ ಮೊದಲೇ ಗೊತ್ತಿರಬೇಕು.

ಗಡಿಗೆ ತೀರಾ ಹತ್ತಿರದ ಜಾಗಗಳಿಗೆ ಇನ್ನೊಂದು ಏರ್ಪಾಡು ಒಳ್ಳೆಯದು: ಕೇಳುವ ತನಕ ಕಾಯದೆ, ಯಾರ ಗಾಡಿ ಹತ್ತಿರ ಇದೆಯೋ ಅದೇ ತಾನಾಗಿ ಹೊರಡುವುದು. ಇದನ್ನು ನಕ್ಷೆಯ ಮೇಲೆ ಗೆರೆ ಎಳೆದೇ ತೀರ್ಮಾನಿಸಿ.

ಹಂತ 2: ಇರುವುದನ್ನು ಇಬ್ಬರಿಗೂ ಅರ್ಥವಾಗುವ ಹಾಗೆ ಪಟ್ಟಿ ಮಾಡಿ

"ನಮ್ಮ ಹತ್ರ ಮೂರು ಗಾಡಿ ಇದೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಷ್ಟು ನೀರು ಹಿಡಿಯುತ್ತದೆ, ಪಂಪು ನಿಮಿಷಕ್ಕೆ ಎಷ್ಟು ಎತ್ತುತ್ತದೆ, ನಾಲ್ಕೂ ಚಕ್ರ ಎಳೆಯುತ್ತವಾ, ಎಷ್ಟು ಜನ ಕೂರುತ್ತಾರೆ? ಅಮೆರಿಕದಲ್ಲಿ ಬೆಂಕಿ ಗಾಡಿಗಳನ್ನು 1ರಿಂದ 7ರ ತನಕ ವರ್ಗ ಮಾಡಿದ್ದಾರೆ. 3ನೇ ವರ್ಗ ಅಂದರೆ ಕನಿಷ್ಠ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ನೀರು. 6ನೇ ವರ್ಗ ಅಂದರೆ ಪಿಕಪ್ ಗಾತ್ರದ್ದು, ಕನಿಷ್ಠ 150 ಗ್ಯಾಲನ್, ಸುಮಾರು 570 ಲೀಟರ್. ಕಡಿದಾದ ಮಣ್ಣು ರಸ್ತೆಗೆ ದೊಡ್ಡ ಪೇಟೆ ಗಾಡಿ ಬಂದು ಸಿಕ್ಕಿಹಾಕಿಕೊಂಡರೆ ದಾರಿಯೇ ಬಂದ್, ಹಿಂದಿನ ಗಾಡಿಗಳೂ ನಿಂತುಬಿಡುತ್ತವೆ.

ಗಾಡಿಗಳನ್ನು ಬಿಡಿಬಿಡಿಯಾಗಿ ಕಳಿಸುವ ಬದಲು ಗುಂಪಾಗಿ ಕಳಿಸಿ. ಒಂದೇ ಥರದ ಐದು ಗಾಡಿ, ಮೇಲೊಬ್ಬ ನಾಯಕ, ಅವರಿಗೆಲ್ಲ ಒಂದೇ ಚಾನೆಲ್: ಇದಕ್ಕೆ ಸ್ಟ್ರೈಕ್ ಟೀಮ್ ಅನ್ನುತ್ತಾರೆ. ಬೇರೆ ಬೇರೆ ಥರದವು ಸೇರಿದರೆ ಟಾಸ್ಕ್ ಫೋರ್ಸ್. ಐದೇ ಯಾಕೆ ಅಂದರೆ, ಒಬ್ಬ ಮನುಷ್ಯ ಗಲಾಟೆಯ ನಡುವೆ ಮೂರರಿಂದ ಏಳು ಜನರನ್ನಷ್ಟೇ ಸರಿಯಾಗಿ ನೋಡಿಕೊಳ್ಳಬಲ್ಲ, ಐದು ಹದವಾದ ಸಂಖ್ಯೆ. ಕೈ ಉಪಕರಣ ಹಿಡಿದು ಬೆಂಕಿ ರೇಖೆ (ಬೆಂಕಿ ದಾಟದ ಹಾಗೆ ಗಿಡಗಂಟಿ ತೆಗೆದ ಪಟ್ಟಿ) ಕಡಿಯುವ ತಂಡವಾದರೆ ಸಾಮಾನ್ಯವಾಗಿ 20 ಜನ.

ಒಂದು ಎಚ್ಚರಿಕೆ: ಟ್ಯಾಂಕರ್ ಬೇಕು ಅಂತ ಕೇಳಿದರೆ ಕೆಲವು ಕಡೆ ನೀರಿನ ಲಾರಿ ಬರುತ್ತದೆ, ಅಮೆರಿಕದ ಪಶ್ಚಿಮ ಭಾಗದಲ್ಲಿ ನೀರು ಸುರಿಯುವ ವಿಮಾನವೇ ಬರುತ್ತದೆ! ಬಿಲ್ ನೋಡಿ ಬೆಚ್ಚಿಬೀಳುವ ಮೊದಲು ಪಟ್ಟಿಯಲ್ಲಿ ಯಾವುದು ಏನು ಅಂತ ಬರೆದುಕೊಳ್ಳಿ.

ಹಂತ 3: ಕಪ್ಲಿಂಗ್, ರೇಡಿಯೊ. ಇದನ್ನು ದಯವಿಟ್ಟು ಹಾರಿಸಬೇಡಿ

1991ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಲ್ಲಿ ಒಣ ಗಾಳಿಗೆ ಬೆಂಕಿ ಮನೆಗಳ ಮೇಲೆ ನುಗ್ಗಿತು. 25 ಜನ ಸತ್ತರು, ಸಾವಿರಾರು ಮನೆ ಹೋದವು. ಸುತ್ತಮುತ್ತಲಿನ ಊರುಗಳಿಂದ ನೆರವಿನ ಗಾಡಿಗಳು ಸಾಲುಸಾಲಾಗಿ ಬಂದವು. ಆದರೆ ಬೆಂಕಿ ಗಾಡಿಗಳಿಗೆ ನೀರು ಕೊಡುವ ಓಕ್ಲೆಂಡಿನ ಬೀದಿ ನಲ್ಲಿಗಳ ಬಾಯಿ 3 ಇಂಚಿನದು, ಬಂದವರ ಪೈಪು ಎಲ್ಲ ಕಡೆ ಇರುವ ಎರಡೂವರೆ ಇಂಚಿನದು. ಅಡಾಪ್ಟರ್ ಇಲ್ಲದವರು ನಲ್ಲಿಯ ಪಕ್ಕದಲ್ಲೇ ನಿಂತು ನೀರಿಗೆ ಒದ್ದಾಡಿದರು. ರೇಡಿಯೊ ಕೂಡ ಹೊಂದಿಕೆ ಆಗಲಿಲ್ಲ, ಇದ್ದ ಚಾನೆಲ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿ ಯಾರಿಗೂ ಏನೂ ಕೇಳಿಸಲಿಲ್ಲ. ಆ ಬೆಂಕಿಯ ನಂತರವೇ ಕ್ಯಾಲಿಫೋರ್ನಿಯಾ ರಾಜ್ಯದ ಎಲ್ಲ ಇಲಾಖೆಗಳೂ ಒಂದೇ ರೀತಿಯ ತುರ್ತು ನಿರ್ವಹಣಾ ಪದ್ಧತಿ ಪಾಲಿಸಬೇಕೆಂದು ಕಾನೂನು ಮಾಡಿತು.

ಯುರೋಪಿನಲ್ಲೂ ಇದೇ ಕಥೆ. ಜರ್ಮನಿಯಲ್ಲಿ ಸ್ಟೋರ್ಜ್ ಕಪ್ಲಿಂಗ್, ಫ್ರಾನ್ಸಿನಲ್ಲಿ ಗಿಯೆಮ್ಯಾನ್, ಸ್ಪೇನಿನಲ್ಲಿ ಬಾರ್ಸಿಲೋನಾ. ಒಂದಕ್ಕೊಂದು ಕೂರುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಬೇಸಿಗೆಗೆ ಮುಂಚೆ ಒಂದು ದಿನ ಗಾಡಿ ತೆಗೆದುಕೊಂಡು ಪಕ್ಕದವರ ಠಾಣೆಗೆ ಹೋಗಿ, ಅವರ ನಲ್ಲಿಗೆ, ಅವರ ಪಂಪಿಗೆ, ಅವರ ನೀರಿನ ಲಾರಿಗೆ ನಿಮ್ಮ ಪೈಪನ್ನು ನಿಜವಾಗಿಯೂ ಜೋಡಿಸಿ ನೀರು ಬಿಟ್ಟು ನೋಡಿ. ಕ್ಯಾಟಲಾಗ್ ನೋಡಿ "ಆಗುತ್ತೆ" ಅನ್ನುವುದು ಬೇಡ. ಕೂರದಿದ್ದರೆ ಅಡಾಪ್ಟರ್ ಮಾಡಿಸಿ, ಪ್ರತಿ ಗಾಡಿಯಲ್ಲೂ ಕನಿಷ್ಠ ಎರಡು ಇಡಿ, ಬಣ್ಣ ಬಳಿದು ಇಡಿ. ಕೆರೆ, ತೊಟ್ಟಿಯಿಂದ ನೀರು ಎಳೆಯುವ ಸಕ್ಷನ್ ಪೈಪಿಗೂ ಇದೇ ಪರೀಕ್ಷೆ ಆಗಲಿ, ಅದನ್ನು ಎಲ್ಲರೂ ಮರೆಯುತ್ತಾರೆ.

ರೇಡಿಯೊಗೆ ಮೂರು ದಾರಿ ಇವೆ. ಎರಡೂ ಕಡೆಯ ಸೆಟ್‌ಗಳಲ್ಲಿ ಒಂದು ಸಾಮಾನ್ಯ ಚಾನೆಲ್ ಮೊದಲೇ ಹಾಕಿಸಿಡುವುದು ಅತ್ಯುತ್ತಮ. ಅದು ಆಗದಿದ್ದರೆ ಆತಿಥೇಯರು ತಮ್ಮ ಸೆಟ್‌ಗಳನ್ನು ಬಂದ ತಂಡದ ನಾಯಕರಿಗೆ ಕೊಡುವುದು. ಅದೂ ಇಲ್ಲ ಅಂದರೆ ಪ್ರತಿ ತಂಡದ ಜೊತೆ ರೇಡಿಯೊ ಹಿಡಿದ ಸ್ಥಳೀಯನೊಬ್ಬ ಇರಬೇಕು. ಮೊಬೈಲ್ ನಂಬಬೇಡಿ, ಬೆಂಕಿಗೆ ಮೊದಲು ಬಲಿಯಾಗುವುದು ಕರೆಂಟು ಮತ್ತು ಟವರ್. ಮಾತು ಮಾತ್ರ ಸಾದಾ ಮಾತಾಗಿರಲಿ. ನಿಮ್ಮ ಠಾಣೆಯ ಕೋಡ್ ನಂಬರ್‌ಗಳು ಪಕ್ಕದವರಿಗೆ ಏನೂ ಅರ್ಥವಾಗುವುದಿಲ್ಲ, ಇಲ್ಲವೇ ಬೇರೆಯೇ ಅರ್ಥ ಕೊಡುತ್ತವೆ. ಎರಡನೆಯದು ಜಾಸ್ತಿ ಅಪಾಯ.

ಹಂತ 4: ಕೇಳುವುದಾದರೆ ಬೇಗ ಕೇಳಿ, ಸರಿಯಾಗಿ ಕೇಳಿ

ಬೆಂಕಿ ಕೈಮೀರುವ ತನಕ ಕಾಯುವುದು ದೊಡ್ಡ ರೋಗ. ನೆರವು ಬರಲು ಐದು ಗಂಟೆ ಬೇಕು ಅಂದರೆ ನೀವು ಕೇಳಬೇಕಾದದ್ದು ಈಗಿನ ಬೆಂಕಿಗೆ ಅಲ್ಲ, ಐದು ಗಂಟೆ ಆದಮೇಲಿನ ಬೆಂಕಿಗೆ. ಬಂದಮೇಲೆ ಬೇಡವಾದರೆ ವಾಪಸ್ ಕಳಿಸಬಹುದು. ಹಾಗೆ ಅರ್ಧ ದಾರಿಯಿಂದ ವಾಪಸ್ ಹೋಗಬೇಕಾಯಿತು ಅಂತ ಯಾವ ತಂಡವೂ ಬೈದುಕೊಳ್ಳಬಾರದು.

"ಸಿಕ್ಕಿದ್ದೆಲ್ಲ ಕಳಿಸಿ" ಅಂತ ಯಾವತ್ತೂ ಹೇಳಬೇಡಿ. ಏನು ಕೆಲಸ, ಎಂಥ ನೆಲ, ಯಾವ ವರ್ಗದ ಎಷ್ಟು ಗಾಡಿ, ಎಷ್ಟು ದಿನ, ಎಲ್ಲಿ ಬಂದು ಸೇರಬೇಕು, ಯಾವ ರಸ್ತೆ ತೆರೆದಿದೆ, ಬಂದ ಕೂಡಲೇ ಯಾರನ್ನು ಕಾಣಬೇಕು, ಯಾವ ಚಾನೆಲ್. ಇಷ್ಟು ಹೇಳಿ, ಒಂದು ಕೋರಿಕೆ ನಂಬರ್ ಕೊಡಿ. ಆ ನಂಬರ್ ಇಲ್ಲದೆ ಯಾವ ಗಾಡಿಯೂ ಹೊರಡಬಾರದು. ನಂಬರ್ ಇದ್ದರೆ ಯಾರು ಬರುತ್ತಿದ್ದಾರೆ ಅನ್ನುವುದು ಗೊತ್ತಿರುತ್ತದೆ, ಆಮೇಲೆ ದುಡ್ಡಿನ ಲೆಕ್ಕಕ್ಕೂ ಅದೇ ಆಧಾರ. ಕರೆಯದೇ ಬಂದ ನೆಂಟರಿಗಾದರೂ ಒಂದು ಚಾಪೆ ಹಾಸಬಹುದು, ಕರೆಯದೇ ಬಂದ ಬೆಂಕಿ ಗಾಡಿ ಎಲ್ಲಿದೆ ಅಂತ ಕಮಾಂಡರ್‌ಗೆ ಗೊತ್ತಿಲ್ಲದಿದ್ದರೆ ಅದರೊಳಗಿನ ಜನರ ಮೇಲೆಯೇ ವಿಮಾನದಿಂದ ಬೆಂಕಿ ತಡೆಯುವ ಮದ್ದು ಸುರಿದೀತು.

ಬೆಂಕಿ ಹತ್ತುವ ಮೊದಲೇ ನೆರವು ತಂದು ಕೂರಿಸುವುದೂ ಒಂದು ದಾರಿ. 2022ರ ಬೇಸಿಗೆಯಲ್ಲಿ ಯುರೋಪಿನ ಬೇರೆ ಬೇರೆ ದೇಶಗಳ 200ಕ್ಕೂ ಹೆಚ್ಚು ಜನರನ್ನು ಗ್ರೀಸಿನಲ್ಲಿ ಮೊದಲೇ ತಂದು ನಿಲ್ಲಿಸಿದ್ದರು. ಅಲ್ಲಿನವರ ಜೊತೆ ತಿರುಗಾಡಿ, ದಾರಿ, ಗಾಳಿ ತಿಳಿದುಕೊಂಡರು. ದುಬಾರಿ ಹೌದು. ಆದರೂ ನನ್ನ ಪ್ರಕಾರ ಖರ್ಚಿಗೆ ತಕ್ಕ ಕೆಲಸ.

ಹಂತ 5: ಹೂಂ ಅನ್ನುವ ಮೊದಲು ನಿಮ್ಮ ಮನೆ ನೋಡಿಕೊಳ್ಳಿ

ಇಲ್ಲಿ ಒಳ್ಳೆಯ ಮನಸ್ಸಿನವರೇ ಎಡವುತ್ತಾರೆ. ಪಕ್ಕದಲ್ಲಿ ಕಾಳ್ಗಿಚ್ಚು ಎದ್ದಿದೆ ಅಂದರೆ ಅದೇ ಬಿಸಿಲು, ಅದೇ ಒಣ ಗಾಳಿ ನಿಮ್ಮಲ್ಲೂ ಇದೆ. ಆದ್ದರಿಂದ ಯಾವ ಪರಿಸ್ಥಿತಿಯಲ್ಲೂ ಊರಲ್ಲಿ ಉಳಿಯಲೇಬೇಕಾದ ಗಾಡಿ ಎಷ್ಟು, ಜನ ಎಷ್ಟು ಅಂತ ತಣ್ಣಗೆ ಕೂತು ಮೊದಲೇ ಬರೆದಿಡಿ. ಮಟ್ಟ ಮಟ್ಟವಾಗಿ ಬರೆದರೆ ಇನ್ನೂ ಒಳ್ಳೆಯದು: ಸಾಮಾನ್ಯ ದಿನ ಇಷ್ಟು ಕಳಿಸಬಹುದು, ಬೆಂಕಿ ಅಪಾಯ ಜಾಸ್ತಿ ಇದ್ದರೆ ಇಷ್ಟೇ, ತೀರಾ ಜಾಸ್ತಿ ಇದ್ದರೆ ಯಾರೂ ಇಲ್ಲ. ದಕ್ಷಿಣ ಯುರೋಪಿನಲ್ಲಿ ಒಂದು ಒರಟು ಲೆಕ್ಕ ಬಳಸುತ್ತಾರೆ: ಉಷ್ಣತೆ 30 ಡಿಗ್ರಿ ದಾಟಿ, ತೇವಾಂಶ ಶೇಕಡ 30ಕ್ಕಿಂತ ಇಳಿದು, ಗಾಳಿ ಗಂಟೆಗೆ 30 ಕಿಲೋಮೀಟರ್ ದಾಟಿದರೆ ಎಚ್ಚರ. ನಿಮ್ಮ ಹವೆಗೆ ತಕ್ಕ ಅಂಕಿ ನೀವೇ ಹಾಕಿಕೊಳ್ಳಿ. ಅಂಕಿ ಇರಬೇಕು, ಅಷ್ಟೇ. ಫೋನಿನಲ್ಲಿ ಪಕ್ಕದವರು ಅಳುವ ದನಿಯಲ್ಲಿ ಕೇಳುವಾಗ ಇಲ್ಲ ಅನ್ನುವುದು ಬಹಳ ಕಷ್ಟ, ಆಗ ನಿಮ್ಮನ್ನು ಕಾಯುವುದು ಆ ಕಾಗದವೇ.

ಹೋದವರ ಜಾಗಕ್ಕೆ ಯಾರು ಬರುತ್ತಾರೆ? ರಜೆಯಲ್ಲಿದ್ದವರನ್ನು ಕರೆಸುವುದು, ಇನ್ನೂ ಆಚೆಯ ಠಾಣೆಯಿಂದ ಒಂದು ಗಾಡಿ ತಂದು ಕೂರಿಸುವುದು, ಹೀಗೆ ಸರಪಳಿಯಾಗಿ ಯೋಚಿಸಿ. ದೂರದವರ ನೆರವಿಗೆ ಒಂದು ಲಾಭ ಇರುವುದೂ ಇದಕ್ಕೇ. ಉತ್ತರ ಗೋಳಾರ್ಧದ ಬೆಂಕಿ ಕಾಲ ಮುಗಿದಾಗ ದಕ್ಷಿಣದ್ದು ಶುರುವಾಗುತ್ತದೆ, ಹಾಗಾಗಿ ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಬ್ಬರಿಗೊಬ್ಬರು ಆಗಿಬರುತ್ತಾರೆ. ಆದರೆ ಬೆಂಕಿ ಕಾಲಗಳು ಉದ್ದವಾಗುತ್ತಾ ಒಂದರ ಮೇಲೊಂದು ಬೀಳತೊಡಗಿವೆ, ಈ ಲೆಕ್ಕ ಮುಂದೆ ಇಷ್ಟು ಸಲೀಸಾಗಿ ಇರುವುದಿಲ್ಲ.

ಹಂತ 6: ಯಾರು ಹೋಗುತ್ತಾರೆ, ಏನು ಹೊರುತ್ತಾರೆ

ಉತ್ಸಾಹ ನೋಡಿ ಆರಿಸಬೇಡಿ. ಅಮೆರಿಕದಲ್ಲಿ ಬೆಂಕಿ ಸಾಲಿಗೆ ಹೋಗುವವರು ಸುಮಾರು 20 ಕೆಜಿ ಹೊರೆ ಹೊತ್ತು 4.8 ಕಿಲೋಮೀಟರನ್ನು 45 ನಿಮಿಷದಲ್ಲಿ ನಡೆದು ತೋರಿಸಬೇಕು, ಓಡುವ ಹಾಗಿಲ್ಲ. ಇಂಥದ್ದೊಂದು ಪರೀಕ್ಷೆ ನಿಮ್ಮಲ್ಲೂ ಇರಲಿ. ಜೊತೆಗೆ ಯಾರು ಯಾವ ತರಬೇತಿ ಪಡೆದಿದ್ದಾರೆ, ಯಾವ ಕೆಲಸಕ್ಕೆ ಅರ್ಹರು ಅನ್ನುವ ಕಾರ್ಡ್ ಪ್ರತಿಯೊಬ್ಬರ ಜೇಬಲ್ಲಿರಲಿ. ಅಲ್ಲಿನವರಿಗೆ ನಿಮ್ಮ ಪರಿಚಯ ಇಲ್ಲ, ಕಾರ್ಡ್ ನೋಡಿಯೇ ಕೆಲಸ ಕೊಡುತ್ತಾರೆ.

ಮೊದಲ ಮೂರು ದಿನ ಆತಿಥೇಯರಿಂದ ಏನೂ ಸಿಗುವುದಿಲ್ಲ ಅಂದುಕೊಂಡೇ ತುಂಬಿಕೊಳ್ಳಿ: ಊಟ, ನೀರು, ಮಲಗಲು ಹಾಸಿಗೆ, ಡೀಸೆಲ್ ತುಂಬಿಸಲು ಕಾರ್ಡು ಅಥವಾ ನಗದು, ಗರಗಸದ ಬಿಡಿಭಾಗ, ಫಿಲ್ಟರ್, ಟೈರು, ಬ್ಯಾಟರಿ, ಅವರವರ ಮಾತ್ರೆಗಳು. ಬಿಸಿಲಲ್ಲಿ ಭಾರೀ ಕೆಲಸ ಮಾಡುವವರಿಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬೇಕು, ಆ ಲೆಕ್ಕದಲ್ಲಿ ಹೊರಿ. ಒಳ ಉಡುಪು ಹತ್ತಿಯದ್ದೋ ಉಣ್ಣೆಯದ್ದೋ ಇರಲಿ, ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹೊಸ ಬೂಟು ಹಾಕಿಕೊಂಡು ಹೊರಟವನನ್ನು ಅಲ್ಲೇ ಇಳಿಸಿಬಿಡಿ. ತಮಾಷೆಗೆ ಹೇಳುತ್ತಿಲ್ಲ.

ಹಂತ 7: ದಾರಿ

ಎಲ್ಲ ಗಾಡಿ ಒಟ್ಟಿಗೆ ಹೋಗಲಿ, ತೀರಾ ನಿಧಾನದ ಗಾಡಿ ಮುಂದಿರಲಿ. ಒಬ್ಬ ಡ್ರೈವರ್ ದಿನಕ್ಕೆ 10 ಗಂಟೆಗಿಂತ ಜಾಸ್ತಿ ಓಡಿಸಬಾರದು. ಬೆಂಕಿ ತಂಡದವರು ಬೆಂಕಿಯಲ್ಲಷ್ಟೇ ಅಲ್ಲ, ಬೆಂಕಿಗೆ ಹೋಗುವ ರಸ್ತೆಯಲ್ಲೂ ಸಾಯುತ್ತಾರೆ. 2018ರಲ್ಲಿ ಸ್ವೀಡನ್ನಿನ ಕಾಡಿನ ಬೆಂಕಿಗೆ ಪೋಲೆಂಡಿನಿಂದ 139 ಜನ 44 ಗಾಡಿಗಳಲ್ಲಿ ಹೋದಾಗ ದಾರಿಯುದ್ದಕ್ಕೂ ಜನ ನಿಂತು ಚಪ್ಪಾಳೆ ತಟ್ಟಿದ್ದರು. ನೋಡಲು ಚೆಂದ. ನನಗೆ ಮಾತ್ರ ಅದಕ್ಕಿಂತ ಇಷ್ಟವಾಗುವುದು ಅಷ್ಟು ದೊಡ್ಡ ಸಾಲು ತನ್ನ ಸಾಮಾನು ತಾನೇ ಹೊತ್ತು, ಒಬ್ಬ ಕಮಾಂಡರ್ ಕೆಳಗೆ ಹೋದದ್ದು.

ಹಂತ 8: ತಲುಪಿದ ಮೊದಲ ಗಂಟೆ

ನೇರವಾಗಿ ಹೊಗೆಯ ಕಡೆ ಹೋಗಬೇಡಿ. ಹೇಳಿದ ಜಾಗಕ್ಕೆ ಹೋಗಿ, ಹಾಜರಿ ಹಾಕಿಸಿ, ಪ್ರತಿಯೊಬ್ಬರ ಹೆಸರಿರುವ ಪಟ್ಟಿ ಕೊಡಿ. ಬೆಂಕಿ ಪಕ್ಕದಲ್ಲೇ ಕಾಣುತ್ತಿರುವಾಗ ಸಾಲಿನಲ್ಲಿ ನಿಂತು ಫಾರಂ ತುಂಬುವುದು ಕಿರಿಕಿರಿ, ಗೊತ್ತು. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ದಿನಗಳಲ್ಲಿ 16 ಜನ ಸತ್ತು, 700ರಷ್ಟು ಕಟ್ಟಡ ಸುಟ್ಟುಹೋದಾಗ ಅಲ್ಲಿ ಗಾಡಿಗಳಿಗಾಗಲಿ ಜನರಿಗಾಗಲಿ ಕೊರತೆ ಇರಲಿಲ್ಲ. ಹತ್ತಾರು ಸಂಸ್ಥೆಗಳು ಹತ್ತಾರು ರೀತಿ ಕೆಲಸ ಮಾಡಿದ್ದೇ ತೊಂದರೆ ಆಯಿತು. ಇವತ್ತು ಹಲವು ದೇಶಗಳು ಬಳಸುವ, ಒಬ್ಬನೇ ಕಮಾಂಡರ್ ಇರುವ ವ್ಯವಸ್ಥೆ ಹುಟ್ಟಿದ್ದು ಅದರಿಂದ.

ಆಮೇಲೆ ವಿವರ ಕೇಳಿ, ಗೊತ್ತಾಗದಿದ್ದರೆ ಮತ್ತೆ ಕೇಳಿ. ಬೆಂಕಿ ಈಗ ಎಲ್ಲಿದೆ, ಗಾಳಿ ಯಾವಾಗ ತಿರುಗುತ್ತದೆ, ನಮ್ಮ ಮೇಲಿನವರು ಯಾರು, ಎಡಬಲದಲ್ಲಿ ಯಾವ ತಂಡ, ಆಸ್ಪತ್ರೆ ಎಲ್ಲಿ, ವಿಮಾನ ಇದೆಯಾ. ಇದರ ಮೇಲೆ ನಾಲ್ಕು ವಿಷಯ ಖಚಿತವಾಗದೆ ಕೆಲಸಕ್ಕೆ ಇಳಿಯಬಾರದು: ಕಾವಲಿಗೆ ಯಾರು ನಿಂತಿದ್ದಾರೆ, ಸಂಪರ್ಕ ಹೇಗೆ, ತಪ್ಪಿಸಿಕೊಳ್ಳುವ ದಾರಿ ಯಾವುದು (ಎರಡಾದರೂ ಇರಲಿ), ಸುರಕ್ಷಿತ ಜಾಗ ಎಲ್ಲಿ. ಅಮೆರಿಕದ ಪಾಲ್ ಗ್ಲೀಸನ್ ಎಂಬ ಅನುಭವಿ ಬೆಂಕಿ ತಂಡದ ನಾಯಕ 1991ರಲ್ಲಿ ಇದನ್ನು ಇಂಗ್ಲಿಷಿನ ನಾಲ್ಕಕ್ಷರದ ಸೂತ್ರವಾಗಿ (LCES) ಕೊಟ್ಟ. ತಪ್ಪಿಸಿಕೊಳ್ಳುವ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಸಾಲದು, ನಡೆದು ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿದುಕೊಳ್ಳಿ.

ಸ್ಥಳೀಯನೊಬ್ಬ ನಿಮ್ಮ ಜೊತೆ ಬರಲೇಬೇಕು ಅಂತ ಪಟ್ಟು ಹಿಡಿಯಿರಿ. ನಿಮ್ಮ ಅನುಭವ ನಿಮ್ಮ ಕಾಡಿನದು. ಯೂಕಲಿಪ್ಟಸ್ ಕಾಡಿನಲ್ಲಿ ಉರಿಯುವ ತೊಗಟೆ ಗಾಳಿಗೆ ಹಾರಿ ಕಿಲೋಮೀಟರ್‌ಗಟ್ಟಲೆ ಮುಂದೆ ಹೊಸ ಬೆಂಕಿ ಹಚ್ಚುತ್ತದೆ. ಉತ್ತರದ ಪೀಟ್ ನೆಲದಲ್ಲಿ (ಅರೆಬರೆ ಕೊಳೆತ ಗಿಡಗಳಿಂದಾದ ನೆಲ) ಮೇಲೆ ಆರಿದಂತೆ ಕಂಡರೂ ಒಳಗೆ ವಾರಗಟ್ಟಲೆ ಉರಿಯುತ್ತಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಉತ್ತರ ಗೋಳಾರ್ಧದವರಿಗೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಜಾಸ್ತಿ ಒಣಗಿರುತ್ತದೆ ಅನ್ನುವುದು ಮೈಗೂಡಿರುತ್ತದೆ, ಆಸ್ಟ್ರೇಲಿಯಾಕ್ಕೆ ಹೋದರೆ ಅದು ಉಲ್ಟಾ. ಇಂಥವು ಯಾವ ಒಪ್ಪಂದದಲ್ಲೂ ಇರುವುದಿಲ್ಲ, ಅಲ್ಲಿನವರ ಬಾಯಿಂದಲೇ ಕೇಳಬೇಕು.

ಹಂತ 9: ಕೆಲಸದ ದಿನಗಳು

ಅಮೆರಿಕದ ನಿಯಮ ಹೀಗಿದೆ: ಪ್ರತಿ ಎರಡು ಗಂಟೆ ಕೆಲಸಕ್ಕೆ ಒಂದು ಗಂಟೆ ವಿಶ್ರಾಂತಿ, ಅಂದರೆ ದಿನಕ್ಕೆ 16 ಗಂಟೆ ಮೀರಬಾರದು, ಪ್ರಯಾಣ ಬಿಟ್ಟು 14 ದಿನಕ್ಕೆ ಸರದಿ ಮುಗಿಯಬೇಕು. ಹೊರಗಿನಿಂದ ಬಂದವರು ತಾವು ಸೋಮಾರಿಗಳಲ್ಲ ಅಂತ ತೋರಿಸಲು ಇದನ್ನು ಮುರಿಯುತ್ತಾರೆ, ನಾಯಕ ಬಿಡಬಾರದು.

ಹೇಳದ ಕೆಲಸ ಮಾಡಬೇಡಿ. ಮುಖ್ಯವಾಗಿ ಎದುರು ಬೆಂಕಿ, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಸಿಗದ ಹಾಗೆ ಅದರ ಮುಂದೆ ನಾವೇ ಹಚ್ಚುವ ಬೆಂಕಿ. ನಿಮ್ಮೂರಲ್ಲಿ ನೀವು ಅದರಲ್ಲಿ ಎಷ್ಟೇ ಪಳಗಿದ್ದರೂ ಇಲ್ಲಿ ಕಮಾಂಡರ್ ಬಾಯಿಂದ ಅಪ್ಪಣೆ ಬರದೆ ಕಡ್ಡಿ ಗೀರಬಾರದು, ಗುಡ್ಡದ ಆಚೆ ಯಾವ ತಂಡ ಇದೆ ಅಂತ ನಿಮಗೆ ಗೊತ್ತಿಲ್ಲ. ಆದರೆ ಕೊಟ್ಟ ಕೆಲಸ ಅಪಾಯ ಅನಿಸಿದರೆ ಇಲ್ಲ ಅನ್ನಬಹುದು, ಅನ್ನಲೇಬೇಕು. ಹೇಗೆ ಅನ್ನಬೇಕು ಅನ್ನುವುದೂ ಮುಖ್ಯ: ಯಾಕೆ ಆಗುವುದಿಲ್ಲ, ಅದರ ಬದಲು ಏನು ಮಾಡಬಹುದು, ಎರಡನ್ನೂ ಹೇಳಿ. ಅದೇ ಕೆಲಸವನ್ನು ಮುಂದಿನ ತಂಡಕ್ಕೆ ಕೊಟ್ಟರೆ, ನಾವು ಇಂಥ ಕಾರಣಕ್ಕೆ ಬೇಡ ಅಂದೆವು ಅಂತ ಅವರಿಗೂ ಗೊತ್ತಾಗಬೇಕು. ನೆರವಿಗೆ ಬಂದವರೂ ಸಾಯುತ್ತಾರೆ. 2020ರ ಜನವರಿ 23ರಂದು ಆಸ್ಟ್ರೇಲಿಯಾದ ಬೆಂಕಿಗೆ ನೆರವಾಗುತ್ತಿದ್ದ ಸಿ-130 ವಿಮಾನ ಬಿದ್ದು ಮೂವರು ಅಮೆರಿಕನ್ನರು ತೀರಿಕೊಂಡರು.

ದಿನಾ ರಾತ್ರಿ ನಾಯಕ ಹತ್ತು ನಿಮಿಷ ಕೂತು ಬರೆಯಲಿ: ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಏನು ಮಾಡಿದೆವು, ಏನು ಹಾಳಾಯಿತು, ಯಾರಿಗೆ ಗಾಯ. ಸಣ್ಣ ತರಚು ಗಾಯವೂ ಬರಲಿ. ವಿಮೆಯವರು ಆರು ತಿಂಗಳು ಬಿಟ್ಟು ಕೇಳುತ್ತಾರೆ.

ಆತಿಥೇಯರಿಗೆ ಒಂದೇ ಮಾತು. ಬಂದವರಿಗೆ ಬರೀ ಕೆಂಡ ಆರಿಸುವ ಕೆಲಸ ಕೊಟ್ಟು ಸುಮ್ನೆ ಕೂರಿಸಬೇಡಿ, ಹಾಗಂತ ಪರಿಚಯವಿಲ್ಲದ ಕಣಿವೆಗೆ ಮೊದಲ ದಿನವೇ ಇಳಿಸಲೂ ಬೇಡಿ. ಬಿಸಿ ಊಟ, ನಿದ್ದೆಗೆ ಹೊಗೆಯಿಲ್ಲದ ಜಾಗ, ಗಾಡಿ ರಿಪೇರಿಗೆ ಒಬ್ಬ ಮೆಕ್ಯಾನಿಕ್. ಇಷ್ಟು ಕೊಟ್ಟರೆ ಮುಂದಿನ ಸಲವೂ ಬರುತ್ತಾರೆ.

ಹಂತ 10: ವಾಪಸ್ ಹೊರಡುವಾಗ

ಹೇಳದೆ ಹೊರಡಬೇಡಿ, ಹಾಜರಿ ಹಾಕಿಸಿದ ಕಡೆಯೇ ಬಿಡುಗಡೆ ಬರೆಸಿ. ಪಡೆದ ರೇಡಿಯೊ, ಪೈಪು ವಾಪಸ್ ಕೊಟ್ಟು, ಗಂಟೆಗಳ ಲೆಕ್ಕಕ್ಕೆ ಮತ್ತು ಹಾಳಾದ ಸಾಮಾನಿನ ಪಟ್ಟಿಗೆ ಅಲ್ಲೇ ಸಹಿ ಹಾಕಿಸಿಕೊಳ್ಳಿ. ಊರಿಗೆ ಬಂದಮೇಲೆ ಸಹಿಗಾಗಿ ಇಮೇಲ್ ಬರೆಯುತ್ತಾ ಕೂರುವುದು ಯಾರಿಗೆ ಬೇಕು? ಗಾಡಿಯ ತಳ, ಚಕ್ರದ ಸಂದು, ಬೂಟಿನ ಅಡಿ ಚೆನ್ನಾಗಿ ತೊಳೆಯಿರಿ, ಕಳೆ ಬೀಜಗಳು ಹೀಗೇ ಊರೂರು ದಾಟುತ್ತವೆ. ಕೆರೆ ನೀರು ಎಳೆದಿದ್ದರೆ ಟ್ಯಾಂಕು, ಪಂಪು ಪೂರ್ತಿ ಖಾಲಿ ಮಾಡಿ ಒಣಗಿಸಿ. ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಹೊರಡಿ.

ಒಂದು ವಾರದೊಳಗೆ ಎರಡೂ ಕಡೆಯವರು ಕೂತು ಮಾತಾಡಿ, ಫೋನಿನಲ್ಲಾದರೂ ಸರಿ. ಯಾವ ಕಪ್ಲಿಂಗ್ ಕೂರಲಿಲ್ಲ, ಯಾವ ಚಾನೆಲ್ ಸತ್ತಿತ್ತು, ಕೋರಿಕೆಯಲ್ಲಿ ಏನು ಬಿಟ್ಟುಹೋಗಿತ್ತು. ಬೈಗುಳ ಇದ್ದರೆ ಅದೂ ಬರಲಿ. ಹೊರಬಂದ ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಕು ಹಾಕಿ, ಅದನ್ನು ಒಪ್ಪಂದದ ಕಾಗದದ ಹಿಂದೆಯೇ ಪಿನ್ ಮಾಡಿಡಿ.